ರಿಯಾಕ್ಷನ್ ಇಲ್ಲ

"ಕಕ್ಕೋದಾದ್ರೆ ಸಾಲಿಂದ ಆಚೆ ಹೋಗಿ ಕಕ್ಲಾ ಬಡ್ಡೀಮಗನೆ. ಸೊಪ್ಪಿನ ಮ್ಯಾಲೆ ಬಿದ್ರೆ ನಿನ್ ನಾಲ್ಗೇಲೇ ಒರೆಸಿಸ್ತೀನಿ."

ಮೇಸ್ತ್ರಿ ಬಲ್ತಸಾರ್ ಟ್ರಾಕ್ಟರಿನಿಂದ ಇಳಿಯದೆ ಹೇಳಿದ. ನಾನು ಹೊಗೆಸೊಪ್ಪಿನ ಎರಡು ಸಾಲುಗಳ ನಡುವೆ ಮಂಡಿಯೂರಿದ್ದೆ. ಕಸ ತುಂಬುವ ಕರಿ ಪ್ಲಾಸ್ಟಿಕ್ ಚೀಲಕ್ಕೆ ತಲೆಗೊಂದು, ಕೈಗಳಿಗೆರಡು ತೂತು ಕೊರೆದು ತೊಟ್ಟುಕೊಂಡಿದ್ದೆ. ಬೆಳಗಿನ ಇಬ್ಬನಿ ಕುಡಿದ ಸೊಪ್ಪು ಕಂಕುಳಲ್ಲಿತ್ತು. ವಾಂತಿಯಲ್ಲಿ ಹೊರಬರಲು ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಹಳದಿ ನೀರಷ್ಟೇ ಬಂತು.

ಪಕ್ಕದ ಸಾಲಿನಲ್ಲಿ ನಾಬೊರ್ ಇದ್ದ. ನಾರ್ತ್ ಕೆರೊಲೈನಾದ ಈ ಹೊಲಕ್ಕೆ ಹದಿನೆಂಟು ವರ್ಷದಿಂದ ಬರುತ್ತಿರುವವನು. ಮೆಕ್ಸಿಕೋದಲ್ಲಿ ನಮ್ಮ ಇದಾಲ್ಗೊ ಕಡೆಯವನೇ. ತನ್ನ ನೀರಿನ ಬಾಟಲಿ ಕೊಟ್ಟು, "ಹಸುರು ಭೂತ ಕಣಪ್ಪ ಫಿಡೆನ್ಸಿಯೊ. ಒದ್ದೆ ಸೊಪ್ಪಿನ ಇಸ ಚರ್ಮದಾಗೇ ಇಳೀತದೆ. ಮೂರ್ ದಿನ ಆಡಿಸ್ತದೆ, ಆಮ್ಯಾಕೆ ತಾನೇ ಬಿಡ್ತದೆ," ಅಂದ.

ಅದು ನನಗೆ ಒಂಬತ್ತನೇ ದಿನ. ಹೊಲದಲ್ಲಿ ಭೂತ ಹಿಡಿಯದವರು ಯಾರೂ ಇಲ್ಲ, ಎಲ್ಲರೂ ಕಕ್ಕುತ್ತಾರೆ, ತಲೆ ಸುತ್ತಿ ಬೀಳುತ್ತಾರೆ. ಆದರೆ ನನ್ನ ಕುತ್ತಿಗೆಯಲ್ಲಿ ಗಂಟು ಕಟ್ಟಿತ್ತು, ಮೈಯೆಲ್ಲ ಕಾದ ಹೆಂಚಾಗಿತ್ತು. ಎಲ್ಲರೂ ಭೂತ ಹಿಡಿದ ದಿನಗಳನ್ನು ಲೆಕ್ಕ ಹಾಕುತ್ತಿದ್ದರು. ನಾನು ಜುಲೈ ತಿಂಗಳ ಒಂದು ಭಾನುವಾರದಿಂದ ದಿನ ಎಣಿಸುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಬಲ್ತಸಾರ್ ಬಿಳಿ ವ್ಯಾನಿನಲ್ಲಿ ಮಾರ್ಲೆನ್ ಎಂಬ ಹೆಂಗಸನ್ನು ಕರೆತಂದಿದ್ದ. ಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ಚಕ್ರ ಕಳಚಿದ ಹಳೇ ಗಾಡಿಮನೆಯೊಂದಿದೆ. ಅಲ್ಲಿ ಅವಳನ್ನು ಕೂರಿಸಿ ಬಾಗಿಲಲ್ಲಿ ತಾನು ನಿಂತ. ನಾವು ಹನ್ನೆರಡು ಜನ ಹ್ಯಾಟು ಕೈಯಲ್ಲಿ ಹಿಡಿದು ಸಾಲು ನಿಂತೆವು. ಮನೆ ಬಿಟ್ಟು ಐದು ತಿಂಗಳಾಗಿತ್ತು. ಸಮರ್ಥನೆಗೆ ಹೇಳುತ್ತಿಲ್ಲ, ಐದು ತಿಂಗಳಾಗಿತ್ತು ಅಷ್ಟೆ. ನಿರೋಧ್ ಕೇಳಿದವನಿಗೆ ಮೇಸ್ತ್ರಿ ನಕ್ಕುಬಿಟ್ಟ. "ಹೆದ್ರಬ್ಯಾಡ್ರಲಾ. ಅವಳ್ದು ರಕ್ತ ನೋಡ್ಸಿ ಪೇಪರ್ ಮಡಗಿವ್ನಿ. ರಿಯಾಕ್ಷನ್ ಇಲ್ಲ." ಜೇಬು ತಟ್ಟಿ ತೋರಿಸಿದ. ತಾನೇ ಮೊದಲು ಒಳಗೆ ಹೋಗಿ ಬಂದಿದ್ದ.

ನಾನು ಕೊನೆಯವನು. ಮುಗಿದ ಮೇಲೆ ಮಾರ್ಲೆನ್ ಕೂದಲು ಗಂಟು ಹಾಕಿಕೊಳ್ಳುತ್ತಾ ನೀರು ಕೇಳಿದಳು. ಕೊಟ್ಟೆ. ಮಾತಿಗೆ ಮಾತು ಎಂಬಂತೆ, ಹೇಗೂ ನಿನ್ನ ಪೇಪರ್ ಇದೆಯಲ್ಲ ಅಂದೆ. ಅವಳು ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಯಾವ್ ಪೇಪರು? ನನ್ ಬೆರಳಿಗೆ ಇಲ್ಲೀಗಂಟ ಯಾರೂ ಸೂಜಿ ಚುಚ್ಚಿಲ್ಲ. ಒಂದ್ಸಲ ನೋಡಿಸ್ಕೊಬೇಕು ಅಂತ ನಂಗೂ ಆಸೆ ಐತೆ. ಈ ಮುಂಡೇಮಗ ಎಲ್ ಬಿಡ್ತಾನೆ?"

ಹೊರಗೆ ಬಂದಾಗ ಉಳಿದ ಹನ್ನೊಂದು ಜನ ಹುರುಳಿಬೀಜದ ಸಾರಿಗೆ ತೊರ್ತಿಯಾ ರೊಟ್ಟಿ ಅದ್ದಿಕೊಂಡು ತಿನ್ನುತ್ತಾ ತಮಾಷೆ ಮಾಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಇಂಥ ಹೇಡಿತನಕ್ಕೆ ನಾಚಿಕೆಯಾಗುತ್ತದೆ.

ಭಾನುವಾರ ಭಾನುವಾರ ಊರಿಂದ ಹೆಂಡತಿ ಒಫೆಲಿಯಾ ಫೋನ್ ಮಾಡುತ್ತಿದ್ದಳು. ಎರಡೂ ಗಂಡು ಮಕ್ಕಳಾದವು, ನವೆಂಬರಿನಲ್ಲಿ ನೀನು ಬಂದರೆ ಈ ಸಲ ಒಂದು ಹೆಣ್ಣಾಗಲಿ ಎನ್ನುತ್ತಿದ್ದಳು. ಆಗಲಿ ಅನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ನಾನು ಸಾಯುತ್ತೇನೆ ಎಂಬ ಭಯ ಅಷ್ಟಿರಲಿಲ್ಲ. ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುವ ಅವಳಿಗೆ ಅಂಟಿಸಿಬಿಡುತ್ತೇನೆ, ಹುಟ್ಟದ ಕೂಸಿಗೂ ಅಂಟಿಸುತ್ತೇನೆ ಎಂಬುದೇ ಎದೆಯ ಮೇಲೆ ಕೂತಿತ್ತು.

ಆಗಸ್ಟ್ ನಡುವಿನಲ್ಲಿ, ಬಟ್ಟೆ ಒಗೆಯಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಎರಡು ಮೈಲಿ ನಡೆದು ಚರ್ಚಿನ ಅಂಗಳಕ್ಕೆ ಹೋದೆ. ಭಾನುವಾರದ ಪೂಜೆಯ ಹೊತ್ತಿಗೆ ಅಲ್ಲಿ ಆಸ್ಪತ್ರೆಯ ಬಸ್ಸು ನಿಲ್ಲುತ್ತದೆ. ನರ್ಸ್ ಯೆಸೆನಿಯಾ ಬೆರಳಿಗೆ ಚುಚ್ಚಿ, ರಕ್ತದ ಹನಿ ನಳಿಕೆಗೆ ತೆಗೆದುಕೊಂಡು, ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಒಳಗೆ ಕರೆದು ಒಂದು ಚೀಟಿ ಕೊಟ್ಟಳು. ಎಚ್‌ಐವಿ ಎಂಬ ಮೂರು ಅಕ್ಷರ. ಅದರ ಮುಂದೆ: ರಿಯಾಕ್ಷನ್ ಇಲ್ಲ.

ನನಗೆ ನಗು ಬಂತು. ಯಾಕೆ ನಗುತ್ತೀರಿ ಎಂದಳು.

"ಇದ್ಕೆ ನಾವ್ ಹೊಲದಾಗೂ ರುಜು ಹಾಕ್ತೀವಿ ಕಣಮ್ಮ," ಅಂದೆ.

ಹೇಳಲೇಬೇಕಾಯಿತು. ಹೊಲಕ್ಕೆ ಔಷಧಿ ಹೊಡೆದ ವಾರ ಶನಿವಾರ ಸಂಜೆ ಟ್ರಕ್ಕಿನ ಬಾನೆಟ್ಟಿನ ಮೇಲೆ ಒಂದು ಹಾಳೆ ಇಡುತ್ತಾರೆ. 'ಔಷಧಿಯಿಂದ ಆಳಿಗೆ ರಿಯಾಕ್ಷನ್: ಇಲ್ಲ.' ಪ್ರತಿ ಹೆಸರಿನ ಮುಂದೆ ಇಲ್ಲ ಎಂಬುದು ಅಚ್ಚಾಗಿಯೇ ಬಂದಿರುತ್ತದೆ. ಕೈಗೆ ಬೊಬ್ಬೆ ಬಂದವನೂ ಅದರ ಪಕ್ಕ ರುಜು ಹಾಕುತ್ತಾನೆ, ಬೆಳಗ್ಗೆಯಿಂದ ಕಕ್ಕಿದವನೂ ಹಾಕುತ್ತಾನೆ. ಮಾರ್ಲೆನ್ನಳ ಪೇಪರಿನಲ್ಲೂ ಇದೇ ಮಾತಿತ್ತಂತೆ. ನನ್ನ ಬದುಕಿನಲ್ಲಿ ಈ ಎರಡು ಪದ ನಿಜ ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಯೆಸೆನಿಯಾ ಪೆನ್ನು ಕೆಳಗಿಟ್ಟಳು. "ಈ ಚೀಟಿ ನಿಮ್ಮ ಮೇಸ್ತ್ರಿ ಬರೆದದ್ದಲ್ಲ, ಇದು ಸುಳ್ಳು ಹೇಳಲ್ಲ. ಆದ್ರೆ ಇವತ್ತಿನ ರಕ್ತದಲ್ಲಿ ಕಂಡದ್ದನ್ನಷ್ಟೇ ಇದು ಹೇಳುತ್ತೆ. ರೋಗ ಅಂಟಿದ್ರೂ ರಕ್ತ ಅದನ್ನ ತೋರಿಸೋಕೆ ಸಮಯ ತಗೊಳುತ್ತೆ. ಆ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಬನ್ನಿ. ಆವತ್ತೂ ಇಲ್ಲ ಅಂತ ಬಂದ್ರೆ, ನಂಬಿ." ಚೀಟಿಯ ಹಿಂದೆ ಅಕ್ಟೋಬರಿನ ತಾರೀಖು ಬರೆದಳು. ಅಂಟಿದ್ದರೂ ಈಗ ಒಳ್ಳೆಯ ಮಾತ್ರೆಗಳಿವೆ, ಬಾಳುವವರು ಬಾಳುತ್ತಿದ್ದಾರೆ ಎಂದೂ ಹೇಳಿದಳು. ನನ್ನ ಕಿವಿಗೆ ಇಳಿದದ್ದು ತಾರೀಖು ಮಾತ್ರ.

ಜ್ವರ ಬಿಟ್ಟಿತು. ಬಿಟ್ಟದ್ದು ಭೂತವೋ ಇನ್ನೊಂದೋ ತಿಳಿಯಲಿಲ್ಲ. ಚೀಟಿಯನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೆ. ದಿನಾ ತೆಗೆದು ನೋಡುವುದು, ಒಮ್ಮೆ ನಂಬುವುದು, ಮತ್ತೆ ಮಡಿಸಿ ಇಡುವಷ್ಟರಲ್ಲಿ ನಂಬಿಕೆ ಹೋಗುವುದು.

ಒಂದು ದಿನ ನಾವು ಹೊಲದಲ್ಲಿದ್ದಾಗ ಬಲ್ತಸಾರ್ ನಾವು ಮಲಗುವ ಶೆಡ್ಡಿನ ಹಾಸಿಗೆಗಳನ್ನೆಲ್ಲ ಮಗುಚಿ ಹಾಕಿದ್ದ. ಸಾರಾಯಿ ಹುಡುಕಿದೆ ಎಂದ. ಸಂಜೆ ಎಲ್ಲರೂ ಊಟಕ್ಕೆ ಕೂತಿರುವಾಗ ಚೀಟಿ ಎತ್ತಿ ತೋರಿಸಿದ.

"ನೋಡ್ರಲಾ, ನಿಮ್ ಫಿಡೆನ್ಸಿಯೊ ಏಡ್ಸ್ ಪರೀಕ್ಸೆ ಮಾಡಿಸ್ಕೊಂಡವ್ನೆ. ಸೂಳೆಮಗ ಎಲ್ ಬಿದ್ದು ಹೊಳ್ಳಾಡ್ದನೋ. ಒಂದೇ ತಟ್ಟೇಲಿ ತಿನ್ರಿ ಇನ್ನೂ."

ಇಲ್ಲ ಎಂದು ಬರೆದಿದೆ, ಓದಿ ಎಂದೆ. "ಇಲ್ಲ ಅಂತ ಬರೆದಿರೋದ್ನ ನಾನ್ ಕಂಡಿಲ್ವೇನ್ಲಾ," ಅಂದ ಮೇಸ್ತ್ರಿ, ಎಲ್ಲರೂ ನಕ್ಕರು. ಆ ಎರಡು ಪದದ ಬೆಲೆ ಅವರಿಗೂ ಗೊತ್ತಿತ್ತಲ್ಲ. ನಾನೇ ನಂಬದ್ದನ್ನು ಅವರು ಹೇಗೆ ನಂಬಿಯಾರು?

ಮಾರನೇ ದಿನ ನನ್ನ ತಟ್ಟೆ, ಲೋಟಕ್ಕೆ ಕೆಂಪು ಟೇಪು ಸುತ್ತಿದ್ದರು. ಊಟದ ಬೆಂಚಿನಲ್ಲಿ ನಾನು ಕೂತರೆ ಎರಡೂ ಪಕ್ಕ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿಯಾಗುತ್ತಿತ್ತು. ನಾಬೊರ್ ಒಂದು ಮಾತೂ ಆಡದೆ ತನ್ನ ಹಾಸಿಗೆಯನ್ನು ಆಚೆ ಗೋಡೆಗೆ ಎಳೆದುಕೊಂಡ. ಅವನ ಮೇಲೆ ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಬಯ್ದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಬಲ್ತಸಾರ್ ಒಮ್ಮೆ ನನ್ನನ್ನು ಬ್ಯಾರನ್ನಿನ ಬಿಸಿಗೆ ಕರೆದುಕೊಂಡು ಹೋಗಿ ಮೆತ್ತಗೆ ಹೇಳಿದ. ಅವನದು ನಮ್ಮ ಪಕ್ಕದೂರು. ಒಫೆಲಿಯಾಳ ನಂಬರ್ ಅವನ ಫೋನಿನಲ್ಲಿತ್ತು. "ತೆಪ್ಪಗೆ ಹೇಳಿದ ಕಡೆ ರುಜು ಹಾಕ್ಕೊಂಡಿರು. ಇಲ್ದಿದ್ರೆ ನಿನ್ನೆಂಡ್ರಿಗೆ ನಾನೇ ಫೋನಾಕ್ತೀನಿ."

ಹಾಕಿಕೊಂಡಿದ್ದೆ. ಸೆಪ್ಟೆಂಬರ್ ನಡುವಿನ ಆ ಶುಕ್ರವಾರದವರೆಗೂ ಹಾಕಿಕೊಂಡಿದ್ದೆ.

ಅಂದು ನಾವು ಸೊಪ್ಪು ಮುರಿಯುತ್ತಿರುವಾಗಲೇ ಪಕ್ಕದ ತಾಕಿಗೆ ಔಷಧಿ ಹೊಡೆದರು. ಗಾಳಿ ನಮ್ಮ ಕಡೆಗೇ ಇತ್ತು. ತುದಿಯ ಸಾಲಿನಲ್ಲಿದ್ದ ನಾಬೊರ್ ಮುಖ ಮುಚ್ಚಿಕೊಂಡು ಕೂತವನು ಎದ್ದಾಗ ಕಣ್ಣು ಊದಿ ರೆಪ್ಪೆಗಳು ಅಂಟಿಕೊಂಡಿದ್ದವು. ಹೊಲದ ಧಣಿಯ ಬಿಳಿ ಕಾರು ಅಂಚಿನಲ್ಲಿ ನಿಂತಿತು. ಧಣಿ ಗಾಜು ಇಳಿಸಿ ನೋಡಿ, ಮೇಸ್ತ್ರಿಗೆ ಏನೋ ಹೇಳಿ, ಗಾಜು ಏರಿಸಿಕೊಂಡು ಹೋದ. ಏನಂದರು ಎಂದು ಯಾರೋ ಕೇಳಿದರೆ, ಕಣ್ಣಿಗೆ ನೀರು ಹಾಕಿಕೊಳ್ಳಲು ಹೇಳಿದರು ಅಂದ ಬಲ್ತಸಾರ್.

ಶನಿವಾರ ಸಂಜೆ ಬಾನೆಟ್ಟಿನ ಮೇಲೆ ಹಾಳೆ ಬಂತು. ನಾಬೊರ್‌ನನ್ನು ತೋಳು ಹಿಡಿದು ಕರೆತಂದಿದ್ದರು. ಅವನಿಗೆ ಹಾಳೆ ಕಾಣುತ್ತಿರಲಿಲ್ಲ. ಬಲ್ತಸಾರ್ ಅವನ ಬೆರಳುಗಳಿಗೆ ಪೆನ್ನು ಸಿಕ್ಕಿಸಿ, ಕೈ ಎತ್ತಿ ಹಾಳೆಯ ಮೇಲಿಟ್ಟು, "ಇಲ್ಲೇ, ಎಳಿ," ಅಂದ. ನಾಬೊರ್ ಎಳೆದ. ಗೆರೆ ಹಾಳೆ ದಾಟಿ ಬಾನೆಟ್ಟಿನ ಮೇಲೂ ಹೋಯಿತು. ಕುರುಡು ಕಣ್ಣಿನವನು ರುಜು ಹಾಕಿದ: ರಿಯಾಕ್ಷನ್ ಇಲ್ಲ.

ಮುಂದಿನ ಹೆಸರು ನನ್ನದು.

ನಾನು ಪೆನ್ನು ತೆಗೆದುಕೊಂಡು ಅಚ್ಚಾಗಿದ್ದ 'ಇಲ್ಲ'ವನ್ನು ಹೊಡೆದುಹಾಕಿದೆ. ಮೇಲೆ 'ಇದೆ' ಎಂದು ಬರೆದೆ. ನನ್ನ ಹೆಸರಿನ ಮುಂದೂ ಬರೆದೆ, ನಾಬೊರ್‌ನ ಹೆಸರಿನ ಮುಂದೂ ಬರೆದೆ. ಅಕ್ಷರ ನೆಟ್ಟಗೆ ಬಂತು.

"ಏನ್ಲಾ ಇದೆ?" ಅಂದ ಬಲ್ತಸಾರ್.

"ರಿಯಾಕ್ಷನ್."

"ಅಂಗಾರೆ ಸೋಮವಾರ ಊರಿನ ಬಸ್ ಹತ್ತು. ಫೋನು ಈಗ್ಲೇ ಮಾಡ್ತೀನಿ."

ಅಕ್ಟೋಬರಿನ ತಾರೀಖಿಗೆ ಇನ್ನೂ ನಾಲ್ಕು ವಾರವಿತ್ತು. ಊರಿನಲ್ಲಿ ರಕ್ತ ನೋಡುವ ಆರೋಗ್ಯ ಕೇಂದ್ರ ಒಂದೇ ಕೋಣೆ. ಅಲ್ಲಿ ಕೂರುವವಳು ಒಫೆಲಿಯಾಳ ಅಕ್ಕ. ಎಲ್ಲ ಗೊತ್ತಿದ್ದೂ ಬಾಯಿ ನಿಲ್ಲಲಿಲ್ಲ. ಎರಡು ತಿಂಗಳು ನುಂಗಿದ್ದನ್ನು ಅಲ್ಲೇ ಕಕ್ಕಿದೆ.

"ಮಾರ್ಲೆನ್ ಪೇಪರ್ ಬರೆದದ್ದೂ ಇದೇ ಪೆನ್ನಿನಾಗೇ ಕಣ್ರಪ್ಪ. ಅವಳ ಬೆರಳಿಗೆ ಯಾರೂ ಸೂಜಿ ಚುಚ್ಚಿಲ್ಲ. ಅವಳೇ ನಂಗೆ ಹೇಳಿದ್ಲು. ಆವತ್ತು ಸಾಲಿನಾಗೆ ನಾನೊಬ್ನೇ ನಿಂತಿದ್ನಾ? ನನ್ ತಟ್ಟೆಗೆ ಟೇಪ್ ಸುತ್ತಿದ್ರಲ್ಲ, ನಿಮ್ ತಟ್ಟೆಗೆ ಏನ್ ಸುತ್ತೀರಿ?"

ಒಬ್ಬ ಹ್ಯಾಟು ತೆಗೆದ. ಸುಳ್ಳು, ಸುಳ್ಳು ಅಂದ ಬಲ್ತಸಾರ್. ಆ ಪೇಪರ್ ತೋರಿಸು ಎಂದು ಹಿಂದಿನಿಂದ ಯಾರೋ ಕೇಳಿದರು. ಅವನ ಕೈ ಜೇಬಿನ ಹತ್ತಿರ ಹೋಗಿ ಅಲ್ಲೇ ನಿಂತಿತು.

ನಾಬೊರ್ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಮುಚ್ಚಿದ ರೆಪ್ಪೆಗಳ ನಡುವಿನಿಂದ ನೀರು ಇಳಿಯುತ್ತಿತ್ತು. "ಆ ನರ್ಸಮ್ಮ ಯಾವತ್ ಬತ್ತಾಳಪ್ಪ?" ಅಂದ.

ನಾಳೆ ಎಂದೆ. ನಾಳೆ ಕೆಲಸ ಐತೆ, ಸೊಪ್ಪು ಹಣ್ಣಾಗೈತೆ, ಒಬ್ಬನೂ ಗೇಟು ದಾಟಂಗಿಲ್ಲ ಎಂದು ಮೇಸ್ತ್ರಿ ಕೂಗಾಡಿದ. ಹಾಳೆಯ ಮೇಲೆ ಇನ್ನೂ ಹತ್ತು ಹೆಸರು ಖಾಲಿ ಇದ್ದವು. ಖಾಲಿಯೇ ಉಳಿದವು.

ಭಾನುವಾರ ಬೆಳಗ್ಗೆ ಹನ್ನೆರಡು ಜನ ರಸ್ತೆಯ ಅಂಚಿನಲ್ಲಿ ನಡೆದೆವು. ನಾಬೊರ್ ನನ್ನ ಹೆಗಲು ಹಿಡಿದುಕೊಂಡಿದ್ದ. ಬಲ್ತಸಾರನ ಟ್ರಕ್ಕು ಎರಡು ಮೈಲಿಯೂ ನಮ್ಮ ಹಿಂದೆ ನಡಿಗೆಯ ವೇಗದಲ್ಲೇ ಬಂತು. ಹಾರ್ನ್ ಮಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಯೆಸೆನಿಯಾ ಮೊದಲು ನಾಬೊರ್‌ನ ಕಣ್ಣು ತೊಳೆದಳು. ಆಮೇಲೆ ಒಬ್ಬೊಬ್ಬರ ಬೆರಳೂ ಹಿಡಿದಳು. ನಾಳೆ ಹೊರಡುತ್ತೇನೆ ಎಂದಾಗ ನನಗೂ ಇನ್ನೊಮ್ಮೆ ಚುಚ್ಚಿದಳು. ಆದರೆ ಮೂರು ತಿಂಗಳದ್ದು ಬೇರೆಯೇ, ಅದನ್ನು ಬಿಡಬೇಡಿ, ಅಲ್ಲಿಯವರೆಗೆ ಹೆಂಡತಿಯನ್ನು ಕಾಪಾಡಿ ಎಂದಳು. ಅಷ್ಟರಲ್ಲಿ ಊರಿಗೆ ಫೋನು ಮುಟ್ಟಿತ್ತೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಆ ಭಾನುವಾರ ಒಫೆಲಿಯಾಳ ಕರೆ ಬಂದಿರಲಿಲ್ಲ.

ಬೆರಳಿಗೆ ಹತ್ತಿ ಒತ್ತಿಕೊಂಡು ಹನ್ನೆರಡು ಜನ ಬೆಂಚಿನ ಮೇಲೆ ಕೂತೆವು. ಇಪ್ಪತ್ತು ನಿಮಿಷ. ಚರ್ಚಿನೊಳಗೆ ಹಾಡುತ್ತಿದ್ದರು.

ಆಗ ಟ್ರಕ್ಕಿನ ಬಾಗಿಲು ತೆರೆಯಿತು. ಬಲ್ತಸಾರ್ ಇಳಿದು ನೇರ ನನ್ನ ಹತ್ತಿರ ಬಂದ. "ನಾಳೆ ಬಸ್ಸು ಮಾತ್ರ ತಪ್ಪಕಿಲ್ಲ ಕಣ್ಲಾ," ಅಂದ. ಹೇಳಿಯೂ ಅಲ್ಲೇ ನಿಂತ. ತೋಳು ಮಡಿಸಿಕೊಂಡ, ಬಿಚ್ಚಿದ. ಆಮೇಲೆ ಆಸ್ಪತ್ರೆಯ ಬಸ್ಸಿನ ಮೆಟ್ಟಿಲು ಹತ್ತಿದ.

ಒಳಗಿನಿಂದ ಯೆಸೆನಿಯಾ ನಮ್ಮನ್ನೆಲ್ಲ ಕೇಳಿದ್ದನ್ನೇ ಅವನನ್ನೂ ಕೇಳುವುದು ಕೇಳಿಸಿತು. ಯಾವಾಗ, ಎಷ್ಟು ಸಲ, ಯಾರ ಜೊತೆ. ಅವನ ಉತ್ತರ ಕೇಳಿಸಲಿಲ್ಲ. ಎಡಗೈಯ ಬೆರಳಿಗೆ ಹತ್ತಿ ಹಿಡಿದುಕೊಂಡು ಇಳಿದ. ಹೊರಗೆ ಬೆಂಚಿನ ಮೇಲೆ ಕಾಯಿರಿ ಎಂದು ಅವಳು ಹಿಂದಿನಿಂದ ಹೇಳಿದಳು.

ಅವನು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾರೂ ಸರಿಯಲಿಲ್ಲ. ನನ್ನ ಎಡಕ್ಕೆ ನಾಬೊರ್ ಕೂತಿದ್ದ. ಒಬ್ಬ ಕೂರುವಷ್ಟು ಜಾಗ ಖಾಲಿ ಇದ್ದದ್ದು ನನ್ನ ಬಲಕ್ಕೆ ಮಾತ್ರ.