ನೂರು ಮೀಟರ್ ಅಂತರ

ಮೂವತ್ತೊಂದು ವರ್ಷ ಶಹಾಪುರದಲ್ಲಿ ಕನ್ನಡ ಕಲಿಸಿದವಳು ನಾನು. ಓಣಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ “ಸಾವಿತ್ರಿಬಾಯಿ ಅಕ್ಕೋರು ಬರೀತಾರ” ಎಂದು ನನ್ನ ಮನೆಗೇ ಬರುತ್ತಾರೆ. ಅದರ ಸೊಕ್ಕು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ?

ಶಾಲೆಯ ಗೇಟು ದಾಟಿ ನಲವತ್ತು ಹೆಜ್ಜೆಗೆ ವೈನ್ ಶಾಪ್ ಬಂತು. ಬೆಳಬೆಳಿಗ್ಗೆಯೇ ಕುಡಿದು ಕಟ್ಟೆಯ ಮೇಲೆ ಕೂತು, ಹುಡುಗಿಯರನ್ನು ಕಂಡರೆ ಹಾಡು ಶುರು. ಸುಡುಗಾಡು ಮಂದಿ! ಎದುರುಮನೆ ಚಂದಮ್ಮನ ಮಗಳು ಬಸವೇಶ್ವರಿ ಎಂಟನೇ ಕ್ಲಾಸು. ಎರಡು ಸಲ ಗೇಟಿನವರೆಗೂ ಹೋಗಿ ಅಳುತ್ತಾ ತಿರುಗಿ ಬಂದಳು.

“ಅಕ್ಕೋರ, ಆ ಅಂಗಡಿ ಹೋಗ್ಲಿಲ್ಲಂದ್ರ ಇಕಿನ್ನ ಸಾಲಿ ಬಿಡಿಸ್ತೀನ್ರಿ. ನನ್ನ ಜೋಡಿ ಹತ್ತಿ ಬಿಡಿಸಾಕ ಬರ್ಲಿ,” ಎಂದಳು ಚಂದಮ್ಮ. “‘ಅಂಗಡಿ ತೆಗೀರಿ’ ಅಂತ ಬರೀರಿ. ಅಷ್ಟಽ ಸಾಕು.”

“ಹಂಗ ಬರದ್ರ ಯಾರ್ ಓದ್ತಾರವ್ವಾ? ಕಾಯ್ದೆದ ಭಾಷಾ ಬೇಕು,” ಎಂದು ಗದರಿಸಿ ಬರೆದೆ: ‘ಶಾಲೆಯ ದ್ವಾರಕ್ಕೂ ಮದ್ಯದಂಗಡಿಗೂ ನಡುವೆ ನಿಯಮಾನುಸಾರ ನೂರು ಮೀಟರ್ ಅಂತರ ಕಲ್ಪಿಸಿಕೊಡಬೇಕೆಂದು ವಿನಂತಿ.’ ಎರಡು ಸಲ ಗಟ್ಟಿಯಾಗಿ ಓದಿಯೂ ಹೇಳಿದೆ. ಎಂಬತ್ತಾರು ಹೆಂಗಸರು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು. ಓದುಬರಹ ಬಾರದ ಚಂದಮ್ಮನ ಸಹಿಯನ್ನು ಬಸವೇಶ್ವರಿಯೇ ಮಾಡಿದಳು.

ನಾಲ್ಕು ತಿಂಗಳು ತಾಲ್ಲೂಕು ಕಚೇರಿಗೆ ಅಲೆದೆವು. ಒಮ್ಮೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು, ಒಮ್ಮೆ ಫೈಲು ಯಾದಗಿರಿಗೆ ಹೋಗಿತ್ತು. ಒಂದು ದಿನ ಶಾಲೆಯ ಮುಂದೆ ಇಟ್ಟಿಗೆ, ಸಿಮೆಂಟು ಇಳಿದವು. ಗೇಟು ಕಿತ್ತು ಅಲ್ಲಿ ಗೋಡೆ ಎಬ್ಬಿಸಿದರು. ಹೊಸ ಗೇಟು ಶಾಲೆಯ ಹಿಂಬದಿಯ ರಸ್ತೆಗೆ. ಸಾಹೇಬರು ಬಂದು ಅಂಗಡಿಯಿಂದ ಹೊಸ ಗೇಟಿನವರೆಗೆ ಟೇಪು ಹಿಡಿಸಿದರು. ನೂರಾ ಹದಿನಾಲ್ಕು ಮೀಟರ್.

ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲು ನಮ್ಮ ಹುಡುಗಿಯರು ಅಂಗಡಿಗಿಂತ ಮುಂಚೆಯೇ ಶಾಲೆಯೊಳಗೆ ಹೋಗುತ್ತಿದ್ದರು. ಇನ್ನು ಆ ಕಟ್ಟೆಯ ಮುಂದೆಯೇ ಹಾದು, ಸುತ್ತುಹಾಕಿ ಹೋಗಬೇಕು!

“ಏನ್ರೀ ಸಾಹೇಬ್ರ, ಅಂಗಡಿ ತೆಗೀರಿ ಅಂದ್ರ ಸಾಲಿ ಗೇಟ್ ತೆಗದೀರಲ್ಲ! ಬುದ್ಧಿ ಐತೇನ್ರೀ?”

ಅವರು ಸಿಟ್ಟಾಗಲಿಲ್ಲ. ಫೈಲು ಬಿಚ್ಚಿ ನನ್ನ ಮುಂದೆ ಹಿಡಿದರು. “ಅಂಗಡಿ ತೆಗೀರಿ ಅಂತ ಎಲ್ಲಿ ಬರದೀರಿ, ತೋರಸ್ರಿ. ಅಂತರ ಕೇಳೀರಿ, ಅಂತರ ಕೊಟ್ಟೀವಿ.”

ನನ್ನದೇ ದುಂಡನೆಯ ಅಕ್ಷರ. ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಿ ಬಿಡಿಸುವ ಕೂಲಿಯವರ ಟಂಟಂ ಗಾಡಿ ಓಣಿಯಲ್ಲಿ ನಿಂತಿತ್ತು. ಚಂದಮ್ಮ ಹತ್ತಿದಳು. ಹಿಂದೆಯೇ ಬಸವೇಶ್ವರಿ, ಶಾಲೆಯ ಡ್ರೆಸ್ಸಿನ ಮೇಲೆ ಅಪ್ಪನ ಹಳೇ ಅಂಗಿ ತೊಟ್ಟು.

ಓಡಿಹೋಗಿ ಟಂಟಂನ ಕಂಬಿ ಹಿಡಿದೆ. “ಇಳೀರವ್ವಾ. ಇನ್ನೊಂದು ಅರ್ಜಿ ಬರೀತೀನಿ. ನೀ ಹೇಳ್ದಂಗಽ ಬರೀತೀನಿ, ಚಂದಮ್ಮ.”

“ಬರೀರಿ ಅಕ್ಕೋರ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ. “ಈ ಸಲ ಸಹಿ ಮಾಡಾಕ ಇಕಿ ಇರಂಗಿಲ್ರಿ. ನನ್ನ ಹೆಬ್ಬೆಟ್ಟು ತಗೋರಿ.”