ಐದೂಕಾಲು ಅಡಿ ನೀರು

"ಏಯ್, ಏಯ್! ಇದೇನು ಸೌದೆ ಡಿಪೋ ಅಂದ್ಕೊಂಡ್ಯೇನೇ? ಆಚೆಗಿಡು ಅದನ್ನ, ಆಚೆಗೆ! ನೆಲ ಒರೆಸಿ ಇನ್ನೂ ಆರಿಲ್ಲ, ಕೆಸರುಗಾಲು ತಂದು ಊರಿದ್ಲು ಮುಂಡೆ!"

ಗುಮಾಸ್ತ ಕುರ್ಚಿಯಿಂದ ಏಳದೆಯೇ ಕೂಗಿದ. ಬಾಂಡ್ಲಕ್ಕ ತಲೆಯ ಮೇಲಿನ ಬಾಗಿಲ ಕಂಬವನ್ನು ಇಳಿಸಲಿಲ್ಲ. ಆರಡಿ ಉದ್ದದ ಮರ. ಹೊಳೆದಂಡೆಯಿಂದ ಕಚೇರಿಯವರೆಗೆ ಎರಡು ಮೈಲಿ ಹೊತ್ತು ತಂದಿದ್ದಳು. ಕಟ್ಟಡದ ಕೆಲಸದಲ್ಲಿ ಇಪ್ಪತ್ತು ವರ್ಷ ಬಾಂಡ್ಲಿಯಲ್ಲಿ ಗಾರೆ ಹೊತ್ತೂ ಹೊತ್ತೂ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ನೆತ್ತಿ ಜಡ್ಡುಗಟ್ಟಿತ್ತು. ಕಿವಿ ಮಾತ್ರ ಇನ್ನೂ ಜಡ್ಡುಗಟ್ಟಿರಲಿಲ್ಲ, ಹಾಗಾಗಿ ಕೇಳಿಸಿಕೊಳ್ಳಬೇಕಾಯಿತು.

"ಸಾಹೇಬ್ರೇ ಹೇಳಿದ್ದು ಅಣ್ಣಾ. ಆ ಜಾಗದಲ್ಲಿ ಮೊದ್ಲಿಂದ ಇದ್ವಿ ಅನ್ನೋಕೆ ಪುರಾವೆ ತಗೊಂಬಾ ಅಂದಿದ್ರು."

"ಪುರಾವೆ ಅಂದ್ರೆ ಕಾಗದ ಕಣೇ. ಕಂಬ ಅಲ್ಲ."

"ಕಾಗದ ಎಲ್ಲಾ ಹೊಳೆ ತಗೊಂಡೋಯ್ತು. ಹೊಳೆ ಬಿಟ್ಟಿದ್ದು ಇದೊಂದೇ."

ಒಳಗಿನ ಕೋಣೆಯಲ್ಲಿ ಪರವಾನಗಿ ಸಾಹೇಬ ಕಿವಿ ಕೆರೆದುಕೊಳ್ಳುತ್ತಿದ್ದ. ಕಾಗದ ಚುಚ್ಚುವ ಗುಂಡುಪಿನ್ನನ್ನು ಕಿವಿಯೊಳಗೆ ತಿರುಗಿಸಿ, ಹೊರಗೆಳೆದು, ತುದಿಗೆ ಬಂದ ಹಳದಿ ಗುಗ್ಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಮುಂದಿದ್ದ ಅರ್ಜಿಯ ಅಂಚಿಗೆ ಒರೆಸಿದ. ಅದು ಬಾಂಡ್ಲಕ್ಕನದೇ ಅರ್ಜಿ. ಬರೆಸಲು ಅವಳು ಎರಡು ದಿನದ ಕೂಲಿ ಬಿಟ್ಟಿದ್ದಳು. ಬಾಯಿಗೆ ಬಂದ ಉಗುಳನ್ನು ನುಂಗಿಕೊಂಡು ಕಂಬವನ್ನು ಮೇಜಿಗೆ ಒರಗಿಸಿದಳು.

ಅವಳು ಕೇಳಿದ್ದು ಅರಮನೆಯಲ್ಲ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ, ಏಳಡಿ ಎತ್ತರದ ನಾಲ್ಕು ಕಲ್ಲುಕಂಬದ ಮೇಲೆ. ಕಳೆದ ಮಳೆಗಾಲದ ನೆರೆಯಲ್ಲಿ ಹಳೆಯ ಮಣ್ಣಿನ ಮನೆ ಕರಗಿ ಹೋದಮೇಲೆ ಅವಳು, ಅತ್ತೆ, ಮೇಸ್ತ್ರಿ ಕೆಲಸದ ಮೈದುನ, ಮೂವರೂ ಅದೇ ಜಾಗದಲ್ಲಿ ಟಾರ್ಪಾಲಿನ ಕೆಳಗೆ ಬದುಕುತ್ತಿದ್ದರು. ಗಂಡ ಮರಳು ತೆಗೆಯಲು ಹೊಳೆಯಲ್ಲಿ ಮುಳುಗಿದವನು ಏಳದೆ ಆರು ವರ್ಷವಾಗಿತ್ತು. ಮುಂದಿನ ಮಳೆಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಒಪ್ಪಿಗೆ ಸಿಗದಿದ್ದರೆ ಊರಾಚೆ ಕಸದ ಗುಡ್ಡದ ಬುಡದಲ್ಲಿರುವ ತಗಡಿನ ಶೆಡ್ಡಿಗೆ ಸಾಗಿಸುವುದಾಗಿ ಕಚೇರಿಯವರು ಹೇಳಿದ್ದರು. ಅಲ್ಲಿಗೆ ಹೋದ ನೆರೆಮನೆಯವಳನ್ನು ಬಾಂಡ್ಲಕ್ಕ ಒಮ್ಮೆ ನೋಡಿ ಬಂದಿದ್ದಳು. ಅವಳು ಕುಡಿಯಲು ಕೊಟ್ಟ ನೀರಿನಲ್ಲಿ ಹುಳು ಹೊರಳುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದೆಸೆದು ಅವಳು, ಕುಡಿ ಅಕ್ಕಾ, ಏನೂ ಆಗಲ್ಲ, ಅಂದಿದ್ದಳು.

"ಏನಿದು?" ಎಂದ ಸಾಹೇಬ.

"ನಮ್ ಮನೆ ಬಾಗಿಲ ಕಂಬ ಸಾಹೇಬ್ರೇ. ಮುಳ್ಳಿನ ಪೊದೆಗೆ ಸಿಕ್ಕಾಕೊಂಡು ಉಳೀತು. ಇಲ್ನೋಡಿ, ಗೀಟು. ನಮ್ಮತ್ತೆ ಹಾಕಿದ್ದು. ಹನ್ನೊಂದು ಅವೆ."

ದಂಡೆಯ ಮೇಲಿನ ಎಲ್ಲ ಮನೆಗಳಲ್ಲೂ ಇದೇ ರೂಢಿ. ಹೊಳೆ ಒಳಗೆ ಬಂದು ಹೋದಮೇಲೆ ಬಾಗಿಲ ಕಂಬದ ಮೇಲೆ ಕೆಸರಿನ ಕರೆ ಎಲ್ಲಿಯವರೆಗೆ ಇದೆಯೋ ಅಲ್ಲಿ ಚಾಕುವಿನಿಂದ ಒಂದು ಗೀಟು ಕೊರೆಯುತ್ತಾರೆ. ಕಾಳಿನ ಡಬ್ಬಿಯನ್ನು, ಮಗುವಿನ ತೊಟ್ಟಿಲನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ಆ ಗೀಟು ನೋಡಿಯೇ ತಿಳಿಯಬೇಕು. ಬಾಂಡ್ಲಕ್ಕ ಕೆಳಗಿನಿಂದ ಒಂದೊಂದೇ ಗೀಟಿನ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು. ಇದು ಅತ್ತೆ ಮದುವೆಯಾಗಿ ಬಂದ ವರ್ಷದ್ದು, ಇದು ಗಂಡ ಹುಟ್ಟಿದ ವರ್ಷದ್ದು, ಇದು ತಾನು ಬಂದ ವರ್ಷದ್ದು. ಮೇಲಿನದು ಹೋದ ವರ್ಷದ್ದು, ಮನೆ ಬಿದ್ದದ್ದು. ನಲವತ್ತೆರಡು ವರ್ಷದ ಸಂಸಾರವನ್ನು ಹೀಗೆ ಒಂದು ಮರದ ತುಂಡಿನಲ್ಲಿ ತೋರಿಸಲು ಬರುತ್ತದೆಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಸಾಹೇಬನ ಮುಖ ಅರಳಿತು. "ಟೇಪ್ ತಗೊಂಬಾರಯ್ಯ!"

ಗುಮಾಸ್ತ ಅಳತೆ ಟೇಪು ತಂದ. ಕಂಬದ ಬುಡದಿಂದ ಮೇಲಿನ ಗೀಟಿಗೆ ಹಿಡಿದ. ಐದೂಕಾಲು ಅಡಿ. ಪಾಪ, ಬಾಂಡ್ಲಕ್ಕನೇ ಕಂಬ ಅಲುಗದಂತೆ ಒತ್ತಿ ಹಿಡಿದಿದ್ದಳು. ಸಾಹೇಬ ಬರೆದುಕೊಂಡ, ಸಹಿ ಹಾಕಿದ, ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದ:

"ಅರ್ಜಿದಾರಳು ತಾನೇ ಹಾಜರುಪಡಿಸಿದ ಸಾಕ್ಷ್ಯದಿಂದ, ಸದರಿ ಜಾಗದಲ್ಲಿ ಐದೂಕಾಲು ಅಡಿ ನೀರು ನಿಲ್ಲುವುದು ದೃಢಪಟ್ಟಿರುವುದರಿಂದ, ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೇಜಿನ ಅಂಚು ಹಿಡಿದು ಮುಂದೆ ಬಗ್ಗಿದಳು.

"ಅಯ್ಯೋ, ಅದಕ್ಕೇ ಅಲ್ವಾ ಸಾಹೇಬ್ರೇ ಏಳಡಿ ಮೇಲೆ ಕಟ್ತೀವಿ ಅಂತಿರೋದು! ನೀರು ಎಷ್ಟು ಬರ್ತದೆ ಅಂತ ನಮ್ಗೆ ಗೊತ್ತು. ಅದನ್ನೇ ತೋರ್ಸೋಕೆ ತಂದೆ."

"ನಿನ್ನ ಪ್ರಾಣದ ಜವಾಬ್ದಾರಿ ಸರ್ಕಾರದ್ದಮ್ಮ. ನೀನು ತೇಲಿ ಹೋದ್ರೆ ಉತ್ತರ ಕೊಡೋನು ನಾನು." ಸಾಹೇಬ ಕರುಣೆಯಿಂದ ನಕ್ಕ. ಹಲ್ಲಿನ ಸಂದಿಯಲ್ಲಿ ಬೆಳಗಿನ ತಿಂಡಿಯ ಚೂರು ಕಾಣುತ್ತಿತ್ತು. "ಕಂಬ ಇಲ್ಲೇ ಇರ್ಲಿ. ಅದೀಗ ದಾಖಲೆ."

ಮರುದಿನ ಬಾಂಡ್ಲಕ್ಕ ಎಂದಿನಂತೆ ಕೆಲಸಕ್ಕೆ ಹೋದಳು. ಹೋಗಲು ಮೂವತ್ತು ಹೆಜ್ಜೆ ಸಾಕಿತ್ತು. ಅವಳ ಟಾರ್ಪಾಲಿನ ಪಕ್ಕದಲ್ಲೇ, ಅದೇ ದಂಡೆಯ ಮೇಲೆ, ಅದೇ ಹೊಳೆಗೆ ಮುಖಮಾಡಿ, ಅವಳಿಗೆ ಕೂಲಿ ಕೊಡುವ ಧಣಿಯ ಅತಿಥಿಗೃಹ ಮುಗಿಯುತ್ತ ಬಂದಿತ್ತು. ಹದಿನಾಲ್ಕು ಕೋಣೆ, ಊಟಕ್ಕೊಂದು ದೊಡ್ಡ ಹಾಲ್. ನೆಲದಿಂದ ಎರಡಡಿ ಎತ್ತರದ ತಳಪಾಯ, ಅಷ್ಟೇ. ಅದಕ್ಕೆ ಗಾರೆ ಹೊತ್ತವಳು ಅವಳೇ, ಗೋಡೆ ಕಟ್ಟಿದವನು ಅವಳ ಮೈದುನನೇ. ಹದಿನಾಲ್ಕು ಕಕ್ಕಸಿನ ಕೊಳವೆಗಳು ಒಂದಾಗಿ ನೆಟ್ಟಗೆ ಹೊಳೆಗೆ ಬೀಳುವಂತೆ ಇಳಿಸಿದ್ದರು. ಅದರಿಂದ ಇಪ್ಪತ್ತಡಿ ಕೆಳಗೆ ದಂಡೆಯವರು ಪಾತ್ರೆ ತೊಳೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಪರವಾನಗಿ ಸಾಹೇಬನೇ. ಧಣಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಊಟದ ಹಾಲ್ ತೋರಿಸಿದ.

"ನೋಡ್ಕೊಳ್ರಿ ಸಾಹೇಬ್ರೇ, ನೀರು ಗೀರು ಅಂತ ಆಮೇಲೆ ತಕರಾರು ಬರಬಾರ್ದು."

"ಎಲ್ಲಿಯ ನೀರು ಧಣಿ! ಹೊಳೆ ಈ ಕಡೆ ತಿರುಗಿ ನೋಡಿದ ದಾಖಲೆಯೇ ಇಲ್ಲ ಅಂತ ಬರೆದುಕೊಟ್ಟಿದ್ದೀನಲ್ಲ. ಪಕ್ಕದ ಆ ಗಲೀಜೂ ಇನ್ನೊಂದು ವಾರ. ಖಾಲಿ ಮಾಡ್ಸಿದ್ರೆ ನಿಮ್ಮ ಕಾರು ನಿಲ್ಸೋಕೆ ಜಾಗ."

ಗಲೀಜು ಅಂದರೆ ಟಾರ್ಪಾಲು. ಆ ಹೊತ್ತಿಗೆ ಅತ್ತೆ ಅದರ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಹೊಳೆ ಈ ಕಡೆ ತಿರುಗಿಯೇ ನೋಡಿಲ್ಲವೆಂಬ ಮಾತಿಗೆ ಬಾಂಡ್ಲಕ್ಕನಿಗೆ ತಡೆಯಲಾಗದೆ ನಗು ಬಂತು. ತಲೆಯ ಮೇಲಿನ ಬಾಂಡ್ಲಿ ಕುಲುಕಿ ಗಾರೆ ಚೆಲ್ಲಿತು.

"ಯಾವಳೇ ಅವಳು ಹಲ್ಲು ಕಿರಿಯೋಳು?" ಧಣಿ ತಿರುಗಿದ. "ಚೆಲ್ಲಿದ್ದನ್ನ ನೆಕ್ಕೇ! ನಿಮ್ಮಪ್ಪನ ಮನೆ ಸಿಮೆಂಟೇನೇ ಅದು?"

ಮೈದುನ ಕರಣೆ ಹಿಡಿದವನು ಗೋಡೆಯತ್ತ ಮುಖ ತಿರುಗಿಸಿಕೊಂಡ. ಬಾಂಡ್ಲಕ್ಕ ಬಗ್ಗಿ ಎರಡೂ ಕೈಯಲ್ಲಿ ಗಾರೆ ಬಾಚಿ ಬಾಂಡ್ಲಿಗೆ ತುಂಬಿದಳು. ಸಾಹೇಬ ಅವಳನ್ನು ಗುರುತು ಹಿಡಿಯಲಿಲ್ಲ. ಕಂಬವಿಲ್ಲದ ಅವಳು ಅವನಿಗೆ ಯಾವ ಹೆಂಗಸೂ ಆಗಬಹುದಿತ್ತು.

ವಾರ ಕಳೆಯುವ ಮೊದಲೇ ಟಾರ್ಪಾಲಿಗೆ ನೋಟೀಸು ಅಂಟಿಸಿ ಹೋದರು. ಸೋಮವಾರ ಖಾಲಿ ಮಾಡಬೇಕು. ಅತ್ತೆ ಅದನ್ನು ಕಿತ್ತು, ಮಡಿಸಿ, ಒಲೆಯ ಬಾಯಿಗೆ ಇಟ್ಟಳು.

"ಕಂಬ ತಗೊಂಬಾರೇ," ಅಂದಳು. "ಎಲ್ಲಿಗಾದ್ರೂ ಅಟ್ಲಿ ಬಡ್ಡೀಮಕ್ಳು. ನನ್ನ ಗೀಟು ನಂಗೆ ಬೇಕು."

ಶನಿವಾರ ಬಾಂಡ್ಲಕ್ಕ ಕಚೇರಿಗೆ ಹೋದಳು. ಗುಮಾಸ್ತನ ಮೇಜಿನ ಬಳಿ ಕಂಬವಿರಲಿಲ್ಲ, ದಾಖಲೆ ಕೋಣೆಯಲ್ಲೂ ಇರಲಿಲ್ಲ. ಹುಡುಕುತ್ತ ಹಿತ್ತಲಿಗೆ ಹೋದಾಗ ಸಿಕ್ಕಿತು. ಕಚೇರಿಯ ಕಕ್ಕಸಿನ ಮುಂದೆ ಉಚ್ಚೆ ಹರಿದು ಮಡುಗಟ್ಟಿತ್ತು. ಸಾಹೇಬರ ಬೂಟು ನೆನೆಯಬಾರದೆಂದು ಅದರ ಮೇಲೆ ಕಂಬವನ್ನು ಅಡ್ಡಲಾಗಿ ಹಾಕಿದ್ದರು. ಅತ್ತೆಯ ಮದುವೆಯ ಗೀಟಿನ ಮೇಲೆ ಬೂಟಿನ ಮಣ್ಣು ಮೆತ್ತಿತ್ತು. ಗಂಡ ಹುಟ್ಟಿದ ಗೀಟು ಉಚ್ಚೆಯಲ್ಲಿ ಮುಳುಗಿತ್ತು, ಮೇಲೆ ಯಾರೋ ಉಗಿದ ಕಫ.

ಅವಳು ಅಳಲಿಲ್ಲ. ಅಳುವಷ್ಟು ಮರ್ಯಾದೆಯೂ ಆ ಜಾಗಕ್ಕೆ ಇರಲಿಲ್ಲ. ಉಚ್ಚೆಯಲ್ಲಿ ಕಾಲಿಟ್ಟು, ಬಗ್ಗಿ, ಕಂಬವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ತೊಟ್ಟಿಕ್ಕಿದ್ದು ಕತ್ತಿನ ಮೇಲೆ ಇಳಿಯಿತು.

"ಏಯ್! ಅದು ಸರ್ಕಾರಿ ದಾಖಲೆ!" ಗುಮಾಸ್ತ ಬಾಗಿಲಲ್ಲಿ ಅಡ್ಡ ನಿಂತ.

"ದಾಖಲೆ ಮೇಲೆ ಉಚ್ಚೆ ಹುಯ್ಯೋ ಹಲ್ಕಟ್ ನನ್ಮಕ್ಳು ನೀವು! ದಾರಿ ಬಿಡೋ. ಬಿಡ್ದಿದ್ರೆ ಇದನ್ನ ನಿನ್ನ ಮೇಜಿನ ಮೇಲೇ ಒರೆಸ್ತೀನಿ."

ಗುಮಾಸ್ತ ತನ್ನ ಇಸ್ತ್ರಿ ಅಂಗಿ ನೋಡಿಕೊಂಡು ಪಕ್ಕಕ್ಕೆ ಸರಿದ.

ಅವಳು ಹೊಳೆಯಲ್ಲಿ ಕಂಬವನ್ನು ಮೂರು ಸಲ ಉಜ್ಜಿ ತೊಳೆದಳು. ಮೈದುನ ದಂಡೆಯ ಮೇಲೆ ಕೂತು ನೋಡುತ್ತಿದ್ದ.

"ನಾಳೆ ಧಣಿ ಬಿಲ್ಡಿಂಗ್ ಓಪನಿಂಗು," ಅಂದಳು. "ಸಾಹೇಬನೂ ಊಟಕ್ಕೆ ಬರ್ತಾನೆ. ನಿನ್ ಲೆವೆಲ್ ಪೈಪು ತಗೊಂಬಾ."

"ಅತ್ತಿಗೇ, ತಲೆ ಕೆಟ್ಟಿದ್ಯಾ? ಇನ್ನೂ ಹಿಂದಿನ ಕಾಂಪೌಂಡ್ ಕೆಲ್ಸ ಬಾಕಿ ಐತೆ. ನನ್ ಕೂಲಿಗೆ ಕಲ್ಲು ಹಾಕ್ತೀಯ."

"ಕಸದ ಗುಡ್ಡದಲ್ಲಿ ಯಾರ ಕಾಂಪೌಂಡ್ ಕಟ್ತೀಯೋ? ಒಬ್ಳೇ ಹಿಡಿಯೋಕಾದ್ರೆ ನಿನ್ನ ಕೇಳ್ತಿರ್ಲಿಲ್ಲ. ಎರಡು ತುದಿಗೆ ಇಬ್ರು ಬೇಕಲ್ಲ."

ಅವನು ಅಂಗೈಗೆ ಅಂಟಿದ ಸಿಮೆಂಟನ್ನು ಉಜ್ಜಿ ಉದುರಿಸಿದ. ಆಮೇಲೆ ಎದ್ದು, ಕಂಬದ ಇನ್ನೊಂದು ತುದಿ ಹಿಡಿದ.

ಹಳೆಯ ಮನೆಯ ಹೊಸ್ತಿಲು ಕಲ್ಲು ಕದಲಿರಲಿಲ್ಲ. ಕಂಬ ಕೂರುತ್ತಿದ್ದ ಗುಣಿಯೂ ಅದರಲ್ಲಿ ಹಾಗೇ ಇತ್ತು. ಭಾನುವಾರ ಮಧ್ಯಾಹ್ನ ಕಂಬವನ್ನು ಅದರಲ್ಲಿ ನಿಲ್ಲಿಸಿ ಸುತ್ತ ಕಲ್ಲು ಬಡಿದರು. ನೂರಡಿ ಉದ್ದದ ಪಾರದರ್ಶಕ ಪೈಪಿನಲ್ಲಿ ಹೊಳೆಯ ನೀರು ತುಂಬಿದರು. ಮೇಸ್ತ್ರಿಗಳೆಲ್ಲ ಮಟ್ಟ ಹಿಡಿಯುವುದು ಹೀಗೆಯೇ. ಪೈಪು ಎಷ್ಟೇ ಉದ್ದವಿದ್ದರೂ ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಒಂದು ತುದಿಯನ್ನು ಅತ್ತೆ ಮೇಲಿನ ಗೀಟಿಗೆ ಒತ್ತಿ ಹಿಡಿದಳು. ಇನ್ನೊಂದನ್ನು ಹಿಡಿದು ಮೈದುನ ಮುಂದೆ, ಕೆಂಪು ಬಣ್ಣದಲ್ಲಿ ಅದ್ದಿದ ದಾರದುಂಡೆ ಹಿಡಿದು ಬಾಂಡ್ಲಕ್ಕ ಹಿಂದೆ, ಅತಿಥಿಗೃಹದ ಒಳಗೆ ನಡೆದರು. ಕಾವಲಿನವನು ತಡೆಯಲಿಲ್ಲ. ಪೈಪು ಹಿಡಿದು ಬರುವ ಕೂಲಿಯವರನ್ನು ಯಾರೂ ಏಕೆ ಎಂದು ಕೇಳುವುದಿಲ್ಲ.

ಹಾಲ್‌ನಲ್ಲಿ ಊಟ ನಡೆದಿತ್ತು. ಸುಣ್ಣ ಬಳಿದ ಹೊಸ ಗೋಡೆಗೆ ಬೆನ್ನುಕೊಟ್ಟು ಸಾಹೇಬ ಮೂಳೆ ಚೀಪುತ್ತಿದ್ದ. ಗಲ್ಲದಿಂದ ಮೊಣಕೈವರೆಗೆ ಎಣ್ಣೆ ಇಳಿದಿತ್ತು. ಪಕ್ಕದಲ್ಲಿ ಧಣಿ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಿದ್ದ.

ಮೈದುನ ಗೋಡೆಯ ಒಂದು ಮೂಲೆಯಲ್ಲಿ ಪೈಪು ಎತ್ತಿ ಹಿಡಿದ.

"ಅವ್ವಾ!" ಎಂದು ಕಿಟಕಿಯಿಂದ ಕೂಗಿದ.

"ಇಳ್ಸೋ!" ಹೊರಗಿನಿಂದ ಅತ್ತೆಯ ದನಿ. "ಇನ್ನೂ ಒಂಚೂರು... ಹಾಂ, ಗೀಟಿಗೆ ಬಂತು!"

ಅವನು ಗುರುತು ಹಾಕಿದ. ಇನ್ನೊಂದು ಮೂಲೆಯಲ್ಲೂ ಹಾಕಿದ. ಊಟಕ್ಕೆ ಕೂತವರು ಕತ್ತೆತ್ತಿ ನೋಡಿ, ಏನೋ ಕೆಲಸ ಬಾಕಿ ಇರಬೇಕೆಂದು ಮತ್ತೆ ತಟ್ಟೆಗೆ ಬಗ್ಗಿದರು. ಇಬ್ಬರೂ ದಾರವನ್ನು ಎರಡು ಗುರುತಿಗೆ ಬಿಗಿದು ಹಿಡಿದರು. ದಾರ ಸಾಹೇಬನ ಹಿಂದೆ, ಅವನ ಬಾಯಿಯ ಎತ್ತರಕ್ಕೆ ಸರಿಯಾಗಿ ಬಂತು. ಬಾಂಡ್ಲಕ್ಕ ಎಳೆದು ಬಿಟ್ಟಳು.

ಟಪ್ಪೆಂದಿತು. ಬಿಳಿ ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಕೆಂಪು ಗೆರೆ ಬಿತ್ತು. ಕೆಂಪು ಹನಿಗಳು ಸಾಹೇಬನ ಕತ್ತುಪಟ್ಟಿಗೂ ತಟ್ಟೆಗೂ ಸಿಡಿದವು.

"ಏನೇ ಇದು, ಏನೇ!" ಧಣಿ ಕುರ್ಚಿ ಉರುಳಿಸಿ ಎದ್ದ. "ಒರೆಸೇ ಸೂಳೆ!"

"ಒರೆಸಿದ್ರೆ ಹರಡ್ತದೆ ಧಣಿ, ಸುಣ್ಣ ಇನ್ನೂ ಹಸಿ. ನಾನೇ ಹೊತ್ತಿದ್ದು, ನಂಗೆ ಗೊತ್ತು." ಅವಳು ಗೆರೆಯತ್ತ ಬೆರಳು ತೋರಿಸಿದಳು. "ಹೋದ ವರ್ಷ ನೀರು ನಿಂತಿದ್ದು ಇಲ್ಲಿಗೆ. ಸಾಹೇಬ್ರೇ ಟೇಪ್ ಹಿಡಿದು ಅಳೆದು ಸಹಿ ಹಾಕವ್ರೆ. ನಮ್ಮನೇಲಿ ಐದೂಕಾಲು ಅಡಿ ನಿಲ್ಲೋ ನೀರು ನಿಮ್ಮನೆ ಬಾಗ್ಲಲ್ಲಿ ಚಪ್ಪಲಿ ಬಿಟ್ಟು ಕಾಯ್ತದಾ?"

 ಗೋಡೆಗೆ ಬೆನ್ನು ಹಾಕಿ ಕೂತಿದ್ದವರು ಒಬ್ಬೊಬ್ಬರಾಗಿ ತಿರುಗಿ, ಗೆರೆ ತಮ್ಮ ಮೈಯ ಎಲ್ಲಿಗೆ ಬರುತ್ತದೆಂದು ನೋಡಿಕೊಂಡರು.

"ಬರೀರಿ ಸಾಹೇಬ್ರೇ ದೂರು!" ಧಣಿ ಅರಚಿದ. "ಈಗ್ಲೇ ಬರೀರಿ! ಒಳಗೆ ಹಾಕ್ಸೋಣ ಇವಳನ್ನ!"

ಸಾಹೇಬ ಎಣ್ಣೆಗೈಯಲ್ಲೇ ಜೇಬಿನಿಂದ ಪೆನ್ನು ತೆಗೆದ.

"ಬರೀರಿ," ಅಂದಳು ಬಾಂಡ್ಲಕ್ಕ. "ಗೋಡೆಗೆ ಗೀಟು ಹಾಕಿದ್ಲು ಅಂತ ಬರೀರಿ. ಎಷ್ಟು ಎತ್ತರಕ್ಕೆ ಅಂತಲೂ ಬರೀರಿ. ಯಾಕೆ ಅಷ್ಟು ಎತ್ತರಕ್ಕೆ ಅಂತ ಕೇಳಿದ್ರೆ ಅದನ್ನೂ ಬರೀರಿ."

ಸಾಹೇಬನ ಪೆನ್ನು ಕಾಗದದ ಮೇಲೆ ನಿಂತಿತು. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಧಣಿಯ ಮುಖ ನೋಡಿದ.

ಕಾವಲಿನವರು ಇಬ್ಬರನ್ನೂ ರಟ್ಟೆ ಹಿಡಿದು ಎಳೆದು ಹೊರಗೆ ದಬ್ಬಿದರು. ಮೈದುನನ ತುಟಿ ಒಡೆದಿತ್ತು. ಟಾರ್ಪಾಲಿನ ಮುಂದೆ ಅತ್ತೆ ಇನ್ನೂ ಹಾಗೆಯೇ, ಪೈಪಿನ ತುದಿಯನ್ನು ಗೀಟಿಗೆ ಒತ್ತಿಕೊಂಡು ನಿಂತಿದ್ದಳು. ಪೈಪಿನಿಂದ ನೀರು ಸೋರಿ ಮುಂಗೈಗುಂಟ ಇಳಿಯುತ್ತಿತ್ತು.

"ಬಿಡ್ಲೇನೇ?" ಎಂದಳು.

"ಪೈಪ್ ಬಿಡು ಅತ್ತೆ. ಕಂಬ ಬಿಡಬೇಡ."

ಬಾಂಡ್ಲಕ್ಕ ಟಾರ್ಪಾಲಿನೊಳಗಿಂದ ಗುದ್ದಲಿ ತಂದಳು. ಕಂಬದಿಂದ ಹತ್ತಡಿ ಅಳೆದು, ಹಿಮ್ಮಡಿಯಿಂದ ನೆಲದಲ್ಲಿ ಗುರುತು ಕೊರೆದು, ಮೊದಲನೆಯ ಕಲ್ಲುಕಂಬಕ್ಕೆ ಗುಂಡಿ ತೋಡತೊಡಗಿದಳು. ಮೈದುನ ತುಟಿ ಒರೆಸಿಕೊಂಡು ಮಣ್ಣು ಎತ್ತಿದ. ಸೋಮವಾರ ಬೆಳಿಗ್ಗೆ ಬರಬೇಕಾಗಿದ್ದ ಜೀಪು ಅವತ್ತು ಸಂಜೆಯೇ ಅತಿಥಿಗೃಹದ ಅಂಗಳದಲ್ಲಿ ಗುರುಗುಟ್ಟಿ, ತಿರುಗಿಕೊಂಡು, ಅವರ ಕಡೆಗೆ ಹೊರಟಿತು. ಅದು ಬಂದು ನಿಂತಾಗ ಗುಂಡಿ ಮೊಣಕಾಲಿನ ಆಳವಾಗಿತ್ತು.