ಹೇಳಿದವರು: ಯಾರೋ ಒಬ್ಬರು

೧

ಎಲ್ಲಿಂದ ಶುರು ಮಾಡಲಿ? ‘ಒಂದು ನಿಘಂಟಿನ ಕಚೇರಿ’ ಎಂದರೆ ಆಕಳಿಸುತ್ತೀರಿ. ‘ಅಕ್ಕತಂಗಿಯರ ಮುನಿಸು’ ಎಂದರೆ ಅಯ್ಯೋ, ಮತ್ತದೇನಾ ಎನ್ನುತ್ತೀರಿ. ನೀವೂ ಬಲು ಚೂಸಿ. ಸರಿ, ಆ ಇಂಗ್ಲಿಷ್ ಗುಣವಾಚಕದಿಂದಲೇ ಶುರುವಾಗಲಿ.

ಚೂಸಿ. ಅರ್ಥ: ಅಳೆದು ತೂಗಿ ಆರಿಸುವ, ಸಿಕ್ಕಿದ್ದನ್ನೆಲ್ಲ ಒಪ್ಪದ. ಬಳಕೆ: ಹೊಗಳುವುದಕ್ಕೆ ಕಡಿಮೆ, ದೂರುವುದಕ್ಕೆ ಜಾಸ್ತಿ.

೨

ಈ ಅರ್ಥ ಬರೆದವರು ನನ್ನ ಪಾತ್ರ, ನಿಘಂಟಿನ ಕಚೇರಿಯಲ್ಲಿ ಪದಕ್ಕೊಂದು ಚೀಟಿ ಬರೆಯುವ ಚೀಟಿ ಮೇಡಂ. ಅಲ್ಲೊಂದು ನಿಯಮವಿದೆ. ಉದಾಹರಣೆಯ ವಾಕ್ಯವನ್ನು ಕೂತಲ್ಲೇ ಹೊಸೆಯುವಂತಿಲ್ಲ. ಯಾರೋ ನಿಜವಾಗಿ ಆಡಿದ ಮಾತೇ ಆಗಬೇಕು, ಚೀಟಿಯ ಕೆಳಗೆ ಅವರು ಯಾರೆಂದು ಬರೆಯಲೂಬೇಕು. ಮೇಡಂ ಬರೆದದ್ದು ಹೀಗೆ:

‘ನಮ್ಮಕ್ಕ ಚಪ್ಪಲಿ ವಿಷಯದಲ್ಲಷ್ಟೇ ಅಲ್ಲ, ತಂಗಿ ವಿಷಯದಲ್ಲೂ ಚೂಸಿ.’ ಹೇಳಿದವರು: ಯಾರೋ ಒಬ್ಬರು.

ಸಂಪಾದಕರು ಚೀಟಿ ಹಿಡಿದು ಎದ್ದೇ ಬಂದರು. “ಯಾರೋ ಅಂದ್ರೆ ಯಾರು ಮೇಡಂ? ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗ್ಬೇಕು.”

(ಹೇಳಿದ್ದು ಸ್ವಂತ ತಂಗಿಯೇ. ಹೊಸ ಮನೆಗೆ ಹೋದಾಗ ಮೇಡಂ ಎಂಟೇ ಜನರನ್ನು ಆರಿಸಿ ಊಟಕ್ಕೆ ಕರೆದಿದ್ದರು, ತಂಗಿಯನ್ನು ಬಿಟ್ಟಿದ್ದರು. ಅವಳು ಬಂದು ಬಾಗಿಲಲ್ಲೇ ನಿಂತು ಈ ಮಾತು ಹೇಳಿ ಹೋದಳು. ಎರಡು ವರ್ಷವಾಯಿತು, ಮಾತಿಲ್ಲ ಕತೆಯಿಲ್ಲ.)

೪

ಅಂತ್ಯ ಒಂದು: ಮೇಡಂ ‘ನನ್ನ ತಂಗಿ’ ಎಂದು ಬರೆಯುತ್ತಾರೆ, ಫೋನ್ ಮಾಡುತ್ತಾರೆ, ಇಬ್ಬರೂ ಅಳುತ್ತಾರೆ. (ಛೆ, ಹೊಡೆದುಹಾಕಿದೆ.)

ಅಂತ್ಯ ಎರಡು: ಚೀಟಿ ಹರಿದು, ‘ಅವನು ಬಟ್ಟೆಯಲ್ಲಿ ಚೂಸಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

“ಒಂದ್ನಿಮಿಷ,” ಎಂದರು ಮೇಡಂ, ಪೆನ್ನಿನ ಮುಚ್ಚಳ ಹಾಕುತ್ತಾ. “ಎರಡಾದ್ಮೇಲೆ ನಾಲ್ಕು ಬಂತಲ್ಲ. ಮೂರೆಲ್ಲಿ?”

“ಬೇಕಾಗಿರ್ಲಿಲ್ಲ ಮೇಡಂ, ಬಿಟ್ಟೆ,” ಎಂದೆ ನಾನು.

“ಅದನ್ನೇ ಕೇಳಿದ್ದು. ಯಾರನ್ನ ಬಿಟ್ರಿ?”

ನಾನೇ ಹುಟ್ಟಿಸಿದ ಹೆಂಗಸು ನನ್ನನ್ನೇ ವಿಚಾರಿಸುವುದೆಂದರೇನು!

“ನೀವು ಮೂರು ಬರೆಯೋವರ್ಗೂ ನಾನೂ ಬರೆಯಲ್ಲ. ಗಡಿಯಾರ ನೋಡ್ಕೊಳ್ಳಿ.”

ಮೂರೂ ನಲವತ್ತು.

೩

ನನಗೊಬ್ಬ ತಮ್ಮನಿದ್ದಾನೆ. ಲಿಫ್ಟ್ ರಿಪೇರಿ ಮಾಡುತ್ತಾನೆ. ಮೇಲೆ ಹೋಗುತ್ತಾನೆ, ಕೆಳಗೆ ಬರುತ್ತಾನೆ; ಕಥೆಗೆ ಬೇಕಾದ ತಿರುವು ಅವನಲ್ಲಿಲ್ಲ ಎಂದು ನಾನು ತೀರ್ಮಾನಿಸಿ ಹದಿನೈದು ವರ್ಷವಾಯಿತು. ನನ್ನ ಕಥೆ ಅಚ್ಚಾದಾಗಲೆಲ್ಲ ಅವನು ಫೋನ್ ಮಾಡುತ್ತಿದ್ದ. “ಅಣ್ಣಾ, ಇದ್ರಲ್ಲಿ ನಾನಿದೀನಾ?”

“ಕಥೆ ಕಣೋ ಅದು. ಸಿಕ್ಕಿದವರನ್ನೆಲ್ಲ ತುರುಕೋಕಾಗುತ್ತಾ?”

ಅವನು ನಗುತ್ತಿದ್ದ. ಹೋದ ಎರಡು ಕಥೆಗಳಿಗೆ ಅವನ ಫೋನ್ ಬರಲಿಲ್ಲ. ಅಂದಿನಿಂದ ನನಗೆ ಭಯ. ಅವನು ಕೇಳುವುದನ್ನು ಬಿಟ್ಟನೋ, ನನ್ನನ್ನೇ ಬಿಟ್ಟನೋ ತಿಳಿಯದೆ ಒದ್ದಾಡುತ್ತಿದ್ದೇನೆ.

(ಓದುಗರೇ, ಇಲ್ಲಿ ಒಂದು ತಮಾಷೆ ಮಾಡಬೇಕೆಂದಿದ್ದೆ. ಬರುತ್ತಿಲ್ಲ.)

ಫೋನ್ ಹಚ್ಚಿದೆ. ಐದನೇ ರಿಂಗಿಗೆ ಎತ್ತಿದ.

“ಅಣ್ಣಾ? ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?”

ನಾನಾಗಿಯೇ ಫೋನ್ ಮಾಡಿದರೆ ಅವನಿಗೆ ಹೊಳೆಯುವುದು ಇದೊಂದೇ.

“ಎಲ್ಲಾ ಚೆನ್ನಾಗಿದಾರೆ. ಒಂದು ಕಥೆ ಬರೀತಿದ್ದೆ...”

“ಬೇಗ ಹೇಳಣ್ಣಾ, ಲಿಫ್ಟಿನೊಳಗಿದೀನಿ, ಕಟ್ಟಾಗುತ್ತೆ.”

“ನೀನಿದೀಯ ಕಣೋ ಇದ್ರಲ್ಲಿ.”

ಆ ಕಡೆ ಸದ್ದಿಲ್ಲ. ನಾನು ಹೇಳುವ ಮೊದಲೇ ಕಟ್ಟಾಗಿತ್ತೋ, ಹೇಳಿದ ಮೇಲೋ ಗೊತ್ತಿಲ್ಲ.

“ಕೇಳಿಸ್ತಂತಾ?” ಎಂದರು ಮೇಡಂ. ಅವರ ಪೆನ್ನಿನ ಮುಚ್ಚಳ ತೆರೆದಿತ್ತು. ‘ಯಾರೋ ಒಬ್ಬರು’ ಎಂಬುದನ್ನು ಹೊಡೆದುಹಾಕಿದ್ದರು. ಮುಂದಿನ ಜಾಗ ಖಾಲಿಯಿತ್ತು.

ನಾಲ್ಕಕ್ಕೆ ಮೂರು ನಿಮಿಷ. ಅಂತ್ಯ ಮೂರನ್ನು ನನ್ನಿಂದ ಕೇಳಬೇಡಿ. ನಾನು ಮತ್ತೆ ತಮ್ಮನ ನಂಬರ್ ಒತ್ತುತ್ತಿದ್ದೇನೆ.